ಎಡ್ಡಿ ವ್ಯಾನ್ ಹೇಲನ್ ಹೋದಾಗ ನಾವು ದುಃಖ ಪಟ್ಟಿದ್ದು ಹೀಗೆ

ವ್ಯಾನ್ ಹೇಲನ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ತೀರ್ಕೊಂಡಿದ್ದು 2020ರ ಅಕ್ಟೋಬರ್ 6, ಮಂಗಳವಾರ. ವಯಸ್ಸು 65. ಕ್ಯಾನ್ಸರ್ ಜೊತೆ ಸುಮಾರು ಇಪ್ಪತ್ತು ವರ್ಷದಿಂದ ಗುದ್ದಾಡ್ತಿದ್ದ, 2000ದ ಹೊತ್ತಿಗೇ ನಾಲಿಗೆ ಕ್ಯಾನ್ಸರ್ ಆಗಿ ನಾಲಿಗೆಯಲ್ಲಿ ಮೂರನೇ ಒಂದು ಭಾಗ ತೆಗೆದಿದ್ರು, ಆಮೇಲೂ ಸ್ಟೇಜ್ ಹತ್ತಿ ನಗ್ತಾ ನುಡಿಸ್ತಾನೇ ಇದ್ದ. ಮಗ ವೂಲ್ಫ್‌ಗ್ಯಾಂಗ್ ಟ್ವಿಟರಲ್ಲಿ ಅಪ್ಪ ಇವತ್ತು ಬೆಳಿಗ್ಗೆ ಹೋಗ್ಬಿಟ್ರು ಅಂತ ಹಾಕಿದಾಗ ನನಗೆ ಆಫೀಸ್ ಮೀಟಿಂಗ್ ನಡೀತಿತ್ತು, ಮನೆಯಿಂದಾನೇ ಕೆಲಸ ಆಗ, ಕ್ಯಾಮೆರಾ ಆಫ್ ಮಾಡಿ ಕೂತ್ಬಿಟ್ಟೆ, ಯಾರು ಏನು ಮಾತಾಡಿದ್ರೋ ಒಂದೂ ಕಿವಿಗೆ ಬೀಳ್ಲಿಲ್ಲ.

ನಾವಿರೋದು ಲಾಸ್ ಏಂಜಲೀಸ್ ಕಡೆ, ಪಾಸಡೀನಾಗೆ ತೀರಾ ಹತ್ರ. ಎಡ್ಡಿ ಬೆಳೆದಿದ್ದು ಅದೇ ಪಾಸಡೀನಾದಲ್ಲಿ. ಆ ವರ್ಷ ಹೇಗಿತ್ತು ಅಂತ ಎಲ್ಲರಿಗೂ ನೆನಪಿರತ್ತೆ, ಕೋವಿಡ್, ಯಾರ ಮನೆಗೂ ಹೋಗೋ ಹಾಗಿಲ್ಲ, ಅದರ ಮೇಲೆ ನಮ್ಮ ಕಡೆ ಸೆಪ್ಟೆಂಬರಲ್ಲಿ ಹತ್ಕೊಂಡ ಬಾಬ್‌ಕ್ಯಾಟ್ ಬೆಂಕಿ ಸ್ಯಾನ್ ಗೇಬ್ರಿಯಲ್ ಬೆಟ್ಟದಲ್ಲಿ ಲಕ್ಷ ಎಕರೆಗೂ ಮೇಲೆ ಸುಟ್ಟು ಹಾಕಿ ಹೊಗೆ ವಾರಗಟ್ಟಲೆ ಬೀದಿ ಮೇಲೇ ಕೂತಿತ್ತು. ಇಂಥ ಟೈಮಲ್ಲಿ ಒಬ್ಬ ರಾಕ್ ಗಿಟಾರಿಸ್ಟ್ ಸತ್ತಿದ್ದಕ್ಕೆ ಇಷ್ಟು ಸಂಕಟ ಪಡ್ಬೇಕಾ ಅಂತ ನನ್ನ ಗಂಡನೇ ಕೇಳಿದ್ರು, ಬೇಜಾರಲ್ಲಿ ಅಲ್ಲ, ಅವರಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಹೌದು ಪಡ್ಬೇಕು ಅಂದೆ. ಕಾರಣ ಹೇಳೋಕೆ ಆಗ ಆಗ್ಲಿಲ್ಲ.

ಅಣ್ಣನಿಗೆ ಫೋನ್ ಮಾಡ್ಬೇಕಿತ್ತು. ಅವನಿರೋದು ಬೆಂಗಳೂರಲ್ಲಿ, ಅಲ್ಲಿ ಆಗ ರಾತ್ರಿ ಒಂದು ಗಂಟೆ. ಎಬ್ಬಿಸಿ ಈ ಸುದ್ದಿ ಹೇಳೋ ಬದ್ಲು ನಿದ್ದೆನಾದ್ರೂ ಮಾಡ್ಲಿ ಅಂತ ಸುಮ್ನಿದ್ದೆ. ನನಗೆ ಸಾಯಂಕಾಲ ಆಗಿ ಅವನಿಗೆ ಬೆಳಗಾಗೋದ್ರೊಳಗೆ ಅವನದೇ ಕಾಲ್ ಬಂತು. "ಪುಟ್ಟಿ, ನಿಜಾನೇನೇ?" ಅಂದ. ನಿಜ ಕಣೋ ಅಂದೆ. ಆಮೇಲೆ ಇಬ್ಬರೂ ಮಾತಾಡ್ಲಿಲ್ಲ ತುಂಬಾ ಹೊತ್ತು, ಅವನ ಕಡೆಯಿಂದ ಪಾತ್ರೆ ಸದ್ದು, ಅಮ್ಮ ಅಡುಗೆಮನೆಯಿಂದ ಯಾರೋ ಏನಾಯ್ತೋ ಅಂತ ಕೇಳ್ತಿರೋದು ಎಲ್ಲ ಕೇಳಿಸ್ತಿತ್ತು. ಅಣ್ಣ ಹೇಳಿದ, ಅಮ್ಮಾ ಎಡ್ಡಿ ಹೋದ ಅಂತ. ಅಮ್ಮನಿಗೆ ಹೆಸರು ತಕ್ಷಣ ಹೊಳೀಲಿಲ್ಲ. "ಹಾಸನದ ಮನೇಲಿ ನಿನ್ನ ರೂಮಿನ ಗೋಡೆ ಮೇಲಿದ್ದನಲ್ಲ, ನಕ್ಕೊಂಡು ಗಿಟಾರ್ ಹಿಡ್ಕೊಂಡಿದ್ನಲ್ಲ, ಆ ಹುಡುಗನಾ? ಅಯ್ಯೋ ಪಾಪ" ಅಂದ್ರು. ಅಮ್ಮನ ಪಾಲಿಗೆ ಅವನು ಇನ್ನೂ ಹುಡುಗನೇ, ಆ ಪೋಸ್ಟರಲ್ಲಿ ಇದ್ದ ಹಾಗೇ.

ಅಣ್ಣ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಹೋಗಿ ರಜಕ್ಕೆ ಬರೋವಾಗ ಕ್ಯಾಸೆಟ್ ತರ್ತಿದ್ದ, ತೊಂಬತ್ತರ ದಶಕದ ಮೊದಲ ವರ್ಷಗಳು. ಹಾಸನದಲ್ಲಿ ನಮ್ಮ ಬೀದೀಲಿ ವ್ಯಾನ್ ಹೇಲನ್ ಅನ್ನೋ ಹೆಸರು ಯಾರಿಗೂ ಗೊತ್ತಿರ್ಲಿಲ್ಲ, ಆದ್ರೆ ಎಡ್ಡಿನ ಎಲ್ಲರೂ ಕೇಳಿದ್ರು. ಹೇಗೆ ಅಂದ್ರೆ ಮೈಕಲ್ ಜಾಕ್ಸನ್ 'ಬೀಟ್ ಇಟ್' ಹಾಡು. ನಡುವೆ ಒಂದು ಗಿಟಾರ್ ಸೋಲೋ ಬರತ್ತಲ್ಲ, ಹಾಡನ್ನೇ ಸೀಳ್ಕೊಂಡು ಬಂದ ಹಾಗೆ, ಅದು ಎಡ್ಡಿ. 1982ರಲ್ಲಿ ಆ ಹಾಡಿನ ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಕರೆದಾಗ ಸ್ಟುಡಿಯೋಗೆ ಹೋಗಿ ನುಡಿಸಿ ದುಡ್ಡೂ ತಗೊಳ್ದೆ ಬಂದಿದ್ದ. ಆರ್ಕೆಸ್ಟ್ರಾದವ್ರು, ಸ್ಕೂಲ್ ಡೇ ಡ್ಯಾನ್ಸ್ ಮಾಡೋ ಹುಡುಗ್ರು, ಎಲ್ಲರೂ ಆ ಸೋಲೋಗೆ ಕುಣಿದವ್ರೇ. ನುಡಿಸಿದವ್ನ ಹೆಸರು ಮೊದಲ ಸಲ ನನಗೆ ಹೇಳಿದ್ದು ಅಣ್ಣ.

ಆಮೇಲೆ 'ಎರಪ್ಷನ್' ಕೇಳ್ಸಿದ. 1978ರ ಮೊದಲ ಆಲ್ಬಮ್ಮಿಂದು, ಒಂದು ನಿಮಿಷ 42 ಸೆಕೆಂಡ್ ಅಷ್ಟೇ, ಹಾಡಿಲ್ಲ ಏನಿಲ್ಲ, ಗಿಟಾರ್ ಒಂದೇ. ಕೊನೇಲಿ ಸ್ವರಗಳು ಎಷ್ಟು ವೇಗವಾಗಿ ಸುರಿಯತ್ತೆ ಅಂದ್ರೆ ನಾನು ಅದು ಕೀಬೋರ್ಡ್ ಅಂದ್ಕೊಂಡಿದ್ದೆ. ಅಣ್ಣನಿಗೆ ಅದನ್ನ ಕಲೀಬೇಕು, ಆದ್ರೆ ಕಿವೀಲಿ ಹಿಡಿಯೋಕೆ ಆಗ್ತಿಲ್ಲ, ನೋಟ್ಸ್ ಸಿಗಲ್ಲ, ಇಂಟರ್ನೆಟ್ ಇಲ್ಲ. ಅದಕ್ಕೆ ಅವನು ಮಾಡ್ತಿದ್ದ ಉಪಾಯ ಈಗ್ಲೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಟೇಪ್ ರೆಕಾರ್ಡರ್‌ಗೆ ಮುಗಿಯೋಕೆ ಬಂದಿರೋ ಸೆಲ್ ಹಾಕೋನು. ಹೊಸ ಸೆಲ್ ತೆಗೆದು ಟಾರ್ಚಿಂದ ಹಳೇ ಸೆಲ್ ತಂದು ಹಾಕೋನು, ಆಗ ಮೋಟರ್ ನಿಧಾನ ತಿರುಗತ್ತೆ, ಟೇಪು ಎಳೆದ ಹಾಗೆ ಓಡತ್ತೆ, ಸ್ವರ ಇಳಿದು ಹೋಗಿರತ್ತೆ ಆದ್ರೂ ಒಂದೊಂದೇ ಕೇಳತ್ತೆ. ಕೈಲಿದ್ದ ಗಿವ್ಸನ್ ಅನ್ನೋ ನಮ್ಮ ದೇಶದ್ದೇ ಕಂಪನಿ ಗಿಟಾರಿನ ತಂತಿ ಇಳಿಸ್ಕೊಂಡು ಆ ಎಳೆದಾಟಕ್ಕೇ ಶ್ರುತಿ ಸೇರಿಸ್ಕೊಂಡು ಕೂರೋನು. ತುಂಬಾ ವರ್ಷ ಆದ್ಮೇಲೆ ನಾನೇ ಓದಿದೆ, ಎಡ್ಡಿ ತನ್ನ ಮಾರ್ಷಲ್ ಆಂಪ್ಲಿಫೈಯರ್‌ಗೆ ವೇರಿಯಾಕ್ ಅನ್ನೋ ಸಾಧನ ಹಾಕಿ ಕರೆಂಟಿನ ವೋಲ್ಟೇಜ್ 90ರ ಹತ್ರಕ್ಕೆ ಇಳಿಸ್ತಿದ್ದ, ಅಮೆರಿಕದ ಮನೆಗಳಲ್ಲಿ ಬರೋದು 120, ಆ ದಪ್ಪ ಬೆಚ್ಚಗಿನ ಸೌಂಡಿನ ಒಂದು ಗುಟ್ಟು ಅಲ್ಲಿತ್ತು ಅಂತ. ಅಣ್ಣನಿಗೆ ಹೇಳಿದ ದಿನ ಅವನು ಎಷ್ಟು ಖುಷಿ ಪಟ್ಟ ಅಂದ್ರೆ, ಅವನಿಗೂ ನನಗೂ ಒಂದೇ ಬುದ್ಧಿ ಕಣೇ ಅಂತ ಮನೆಯವ್ರಿಗೆಲ್ಲ ಹೇಳ್ಕೊಂಡು ಬಂದ.

ಸಾವಿನ ಸುದ್ದಿ ಬಂದ ರಾತ್ರಿ ನಾನು ಹಾಡು ಹಾಕ್ಕೊಂಡು ಕೂತೆ. ಕಷ್ಟ ಗೊತ್ತಾಗಿದ್ದು ಅಲ್ಲಿ. ಬೇರೆ ಯಾರಾದ್ರೂ ಹೋದ್ರೆ ಅವರದೊಂದು ದುಃಖದ ಹಾಡು ಇರತ್ತೆ, ಹಾಕ್ಕೊಂಡು ಅತ್ರೆ ಎದೆ ಹಗುರ ಆಗತ್ತೆ. ವ್ಯಾನ್ ಹೇಲನ್‌ದು ಹಾಗಲ್ಲ. ಯಾವ ಆಲ್ಬಮ್ ತೆಗೆದ್ರೂ ಬೇಸಿಗೆ, ಕಾರು, ಪಾರ್ಟಿ, ಹುಡುಗೀರು, ನಗು. 'ಜಂಪ್' ಹಾಕಿಕೊಂಡು ಅಳೋದು ಹೇಗೆ? 1984ರಲ್ಲಿ ನಂಬರ್ ಒನ್ ಆಗಿದ್ದ ಹಾಡು, ಅದ್ರ ವಿಡಿಯೋದಲ್ಲಿ ಅವನು ಸೋಲೋ ನುಡಿಸ್ತಾ ಕ್ಯಾಮೆರಾ ಕಡೆ ನೋಡಿ ನಗ್ತಾನೆ, ಇದೆಲ್ಲ ಏನು ಮಹಾ, ಬನ್ನಿ ಅನ್ನೋ ಥರ. ಆ ನಗು ಬಂದ ಜಾಗಕ್ಕೆ ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಮೆತ್ತಗಿನದು ಹುಡುಕಿದ್ರೆ ಸಿಕ್ಕಿದ್ದು '316', ಒಂದೂವರೆ ನಿಮಿಷದ ಚಿಕ್ಕ ವಾದನ, ಮಗ ಹುಟ್ಟಿದ ತಾರೀಕು ಅದು, 1991ರ ಮಾರ್ಚ್ 16. ಅದನ್ನೇ ಮತ್ತೆ ಮತ್ತೆ ಹಾಕಿದೆ. ಆದ್ರೂ ಅದೂ ದುಃಖದ್ದಲ್ಲ, ಮಗು ಬಂದ ಸಂತೋಷದ್ದು.

ಮಾರನೇ ದಿನ ಕೆಲಸ ಬೇಗ ಮುಗಿಸಿ ಲಾಸ್ ಲೂನಾಸ್ ಸ್ಟ್ರೀಟ್‌ಗೆ ಹೋದೆ, ಎಡ್ಡಿ ಕುಟುಂಬ ಇದ್ದ ಚಿಕ್ಕ ಮನೆ ಇರೋ ಬೀದಿ. ಅಮೆರಿಕದ ಯಾವುದೇ ಮಾಮೂಲಿ ಬೀದಿ ಥರಾನೇ, ಒಂದಂತಸ್ತಿನ ಮನೆಗಳು, ಮರಗಳು. ಜನ ಇದ್ರು, ಎಲ್ಲರೂ ಮಾಸ್ಕ್ ಹಾಕ್ಕೊಂಡು ದೂರ ದೂರ ನಿಂತಿದ್ರು, ಹೂವು, ಕ್ಯಾಂಡಲ್ಲು, ಕೈಯಲ್ಲಿ ಬರೆದ ಕಾಗದಗಳು, ತಂತಿ ಮೀಟೋ ಗಿಟಾರ್ ಪಿಕ್‌ಗಳು. ಒಬ್ಬ ಹುಡುಗನ ಮಾಸ್ಕ್ ಕೆಂಪು, ಮೇಲೆ ಕಪ್ಪು ಬಿಳಿ ಪಟ್ಟೆ. ಫ್ರಾಂಕನ್‌ಸ್ಟ್ರಾಟ್! ಎಡ್ಡಿ ತಾನೇ ಜೋಡಿಸ್ಕೊಂಡ ಗಿಟಾರ್ ಅದು, 50 ಡಾಲರಿನ ಬಾಡಿ, 80 ಡಾಲರಿನ ನೆಕ್, ಹಳೇ ಗಿಬ್ಸನ್ ಗಿಟಾರಿಂದ ಕಿತ್ತ ಪಿಕಪ್ಪನ್ನ, ಅಂದ್ರೆ ತಂತಿಯ ಕಂಪನ ಹಿಡಿಯೋ ಭಾಗಾನ, ಮೇಣದಲ್ಲಿ ಅದ್ದಿ ಕೂರಿಸಿದ್ದು, ಮೇಲೆ ಟೇಪ್ ಅಂಟಿಸಿ ಸೈಕಲ್ ಪೇಂಟ್ ಹೊಡೆದು ಪಟ್ಟೆ ಎಳೆದಿದ್ದು. ಅಂಗಡೀಲಿ ಸಿಗೋ ಯಾವ ಗಿಟಾರೂ ತನಗೆ ಬೇಕಾದ ಸೌಂಡ್ ಕೊಡಲ್ಲ ಅಂತ ಇಪ್ಪತ್ತರ ಹುಡುಗ ಮಾಡ್ಕೊಂಡಿದ್ದನ್ನ 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಲ್ಲಿ ಗಾಜಿನೊಳಗೆ ಇಟ್ಟು ತೋರಿಸಿದ್ರು. ಆ ಪಟ್ಟೆ ಈಗ ಪ್ರಪಂಚದಲ್ಲಿ ಎಲ್ಲೇ ಕಂಡ್ರೂ ನಮ್ಮವ್ರು ಅಂತ ಗೊತ್ತಾಗತ್ತೆ.

ಅಲ್ಲಿಂದ ಅಲೆನ್ ಅವೆನ್ಯೂ ಕಡೆ ಹೋದೆ. ಅಲ್ಲಿ ಫುಟ್‌ಪಾತಿನ ಸಿಮೆಂಟಲ್ಲಿ ವ್ಯಾನ್ ಹೇಲನ್ ಅಂತ ಕೊರೆದಿದೆ, ಸಿಮೆಂಟ್ ಹಸಿಯಾಗಿದ್ದಾಗ ಗೀರಿದ್ದು. ಅವತ್ತು ಆ ಅಕ್ಷರದ ಸುತ್ತ ಹೂವಿನ ರಾಶಿ. ಜನ ಬಗ್ಗಿ ಬೆರಳಲ್ಲಿ ಅಕ್ಷರ ಮುಟ್ಟಿ, ಕೈಗೆ ಸ್ಯಾನಿಟೈಸರ್ ಹಾಕ್ಕೊಂಡು, ಪಕ್ಕಕ್ಕೆ ಸರಿದು ಮುಂದಿನವ್ರಿಗೆ ಜಾಗ ಬಿಡ್ತಿದ್ರು. ನಾನೂ ಮುಟ್ಟಿದೆ. ಸಿಮೆಂಟ್ ಬಿಸಿಲಿಗೆ ಕಾದಿತ್ತು, ಅಕ್ಷರದ ಅಂಚು ಸವೆದು ನುಣ್ಣಗಾಗಿತ್ತು. ಅಣ್ಣನ ಹೆಸರಲ್ಲಿ ಇನ್ನೊಂದು ಸಲ ಮುಟ್ಟಿದೆ.

ಪಕ್ಕದಲ್ಲಿ ವಯಸ್ಸಾದವ್ರೊಬ್ರು ಮಡಚೋ ಕುರ್ಚಿ ತಂದು ಹಾಕ್ಕೊಂಡು ಕೂತಿದ್ರು, ಎಪ್ಪತ್ತರ ದಶಕದಲ್ಲಿ ಇದೇ ಊರಲ್ಲಿ ಹೈಸ್ಕೂಲ್ ಓದಿದವ್ರಂತೆ. ಆಗ ವ್ಯಾನ್ ಹೇಲನ್ ಅಣ್ಣತಮ್ಮ ಊರಿನ ಮನೆಗಳ ಹಿತ್ತಲಲ್ಲಿ ಪಾರ್ಟಿಗಳಿಗೆ ನುಡಿಸ್ತಿದ್ರು, ನೂರಾರು ಜನ ಬೇಲಿ ಹಾರಿ ಬರೋರು, ಕೊನೆಗೆ ಪೊಲೀಸ್ ಹೆಲಿಕಾಪ್ಟರ್ ಮೇಲೆ ಬಂದು ಲೈಟ್ ಬಿಟ್ಟು ಎಲ್ಲರನ್ನೂ ಮನೆಗೆ ಓಡಿಸೋದು. ನಾನು ಪುಸ್ತಕದಲ್ಲಿ ಓದಿದ್ದನ್ನ ಇವ್ರು ಬೇಲಿ ಹಾರಿ ನೋಡಿದ್ರು! ಎಷ್ಟು ಕೇಳಿದ್ರೂ ಸಾಕಾಗ್ಲಿಲ್ಲ ನನಗೆ. ಆಮೇಲೆ ಅವ್ರು ನೀನು ಎಲ್ಲಿಯವಳು ಅಂತ ಕೇಳಿದ್ರು, ಇಂಡಿಯಾ ಅಂದೆ, ಅವನೂ ಹೊರಗಿಂದ ಬಂದವ್ನೇ ತಾನೇ ಅಂದ್ರು.

ಅದು ನನಗೆ ಮೊದಲೇ ಗೊತ್ತಿದ್ದ ವಿಷಯ, ಆದ್ರೆ ಆ ಜಾಗದಲ್ಲಿ ನಿಂತು ಕೇಳಿದಾಗ ಬೇರೆ ಥರ ಆಯ್ತು. ಎಡ್ಡಿ ಹುಟ್ಟಿದ್ದು ಆಂಸ್ಟರ್‌ಡ್ಯಾಮಲ್ಲಿ, 1955ರ ಜನವರಿ 26. ಅಪ್ಪ ಯಾನ್ ಡಚ್ಚಿನವ್ರು, ಕ್ಲಾರಿನೆಟ್ ಸ್ಯಾಕ್ಸೊಫೋನ್ ನುಡಿಸ್ತಿದ್ದವ್ರು, ಅಮ್ಮ ಯೂಜೀನಿಯಾ ಇಂಡೋನೇಷ್ಯಾ ಮೂಲದವ್ರು, ಅದೇ ಕಾರಣಕ್ಕೆ ಹಾಲೆಂಡಲ್ಲಿ ಆ ಸಂಸಾರಕ್ಕೆ ಜನರ ಚುಚ್ಚು ಮಾತು. 1962ರಲ್ಲಿ ಹಡಗು ಹತ್ತಿದ್ರು, ಜೊತೆಗೆ ಒಂದು ಪಿಯಾನೋ, ಕೈಯಲ್ಲಿ ಐವತ್ತು ಡಾಲರಿನಷ್ಟು ದುಡ್ಡು. ಹಡಗಲ್ಲಿ ಅಪ್ಪನ ಜೊತೆ ಮಕ್ಕಳೂ ನುಡಿಸಿದ್ರಂತೆ. ಪಾಸಡೀನಾಗೆ ಬಂದ್ಮೇಲೆ ಅಪ್ಪ ಕಟ್ಟಡಗಳನ್ನ ಗುಡಿಸಿ ಒರೆಸೋ ಕೆಲಸ ಮಾಡಿ ವಾರದ ಕೊನೇಲಿ ಮದುವೆ ಬ್ಯಾಂಡಲ್ಲಿ ನುಡಿಸಿದ್ರು, ಅಮ್ಮ ಮನೆಗೆಲಸಕ್ಕೆ ಹೋದ್ರು. ಸ್ಕೂಲಲ್ಲಿ ಎಡ್ಡಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ, ಬಿಳಿ ಹುಡುಗ್ರು ಹೊಡೀತಿದ್ರು, ಮೊದಲು ಸ್ನೇಹ ಮಾಡಿದವ್ರು ಕಪ್ಪು ಹುಡುಗ್ರು ಅಂತ ಅವನೇ ಹೇಳ್ಕೊಂಡಿದ್ದ. ಸ್ವರ ಓದೋಕೆ ಕಲೀಲಿಲ್ಲ, ಟೀಚರ್ ಬೆರಳು ನೋಡ್ಕೊಂಡು ಕಿವೀಲಿ ಕೇಳ್ಕೊಂಡು ಪಿಯಾನೋ ಸ್ಪರ್ಧೆಗಳಲ್ಲಿ ಗೆಲ್ತಿದ್ದ. ಮೊದಲು ಅವನದು ಡ್ರಮ್ಸು, ಅದರ ಕಂತು ಕಟ್ಟೋಕೆ ಪೇಪರ್ ಹಾಕೋಕೆ ಹೋದಾಗ ಅಣ್ಣ ಅಲೆಕ್ಸ್ ಮನೇಲಿ ಅದೇ ಡ್ರಮ್ಸ್ ಬಾರಿಸಿ ಇವನಿಗಿಂತ ಚೆನ್ನಾಗಿ ಕಲ್ತ್ಬಿಟ್ಟ, ಸರಿ ನೀನೇ ಇಟ್ಕೋ ಅಂತ ಇವನು ಗಿಟಾರ್ ತಗೊಂಡ. ಅಲ್ಲಿಂದ ಕೊನೇವರೆಗೂ ಅಣ್ಣತಮ್ಮ ಒಂದೇ ಬ್ಯಾಂಡಲ್ಲಿ. ಸುದ್ದಿ ಕೇಳಿದಾಗ ನನಗೆ ಎಡ್ಡಿ ಆದ್ಮೇಲೆ ತಕ್ಷಣ ನೆನಪಾಗಿದ್ದು ಅಲೆಕ್ಸ್. ಯಾಕೆ ಅಂತ ಒಡಹುಟ್ಟಿದವ್ರ ಜೊತೆ ಸಂಗೀತ ಕಲ್ತವ್ರಿಗೆ ಹೇಳ್ಬೇಕಾಗಿಲ್ಲ.

ಅಷ್ಟರಲ್ಲಿ ಯಾರೋ ಒಬ್ಬ ಬ್ಯಾಟರಿ ಆಂಪ್ ಇಟ್ಟು ಗಿಟಾರ್ ಸಿಕ್ಕಿಸಿದ. ನಾನು ಏನೋ ಮೆಲ್ಲಗಿನದು ನುಡಿಸ್ತಾನೆ ಅಂದ್ಕೊಂಡೆ, ಅವನು 'ಪನಾಮ' ಶುರು ಮಾಡಿದ. ಜೋರಾಗಿ! ರಸ್ತೇಲಿ ಹೋಗ್ತಿದ್ದ ಕಾರುಗಳು ಹಾರ್ನ್ ಹೊಡೆದ್ವು, ಒಂದು ಪಿಕಪ್ ಟ್ರಕ್ಕಿನವ್ನು ಕಿಟಕಿ ಇಳಿಸಿ ತನ್ನ ಗಾಡೀಲೂ ಅದನ್ನೇ ಹಾಕಿದ, ಮಾಸ್ಕ್ ಒಳಗಿಂದಾನೇ ಎಲ್ಲರೂ ಕೂಗಿ ಹಾಡಿದ್ರು, ಕುರ್ಚೀಲಿದ್ದವ್ರು ಎದ್ದು ನಿಂತ್ರು. ಕಣ್ಣಲ್ಲಿ ನೀರು ಸುರೀತಿದೆ, ಕಾಲು ತಾಳ ಹಾಕ್ತಿದೆ. ನಮ್ಮ ಕಡೆ ಹಳ್ಳೀಲಿ ತುಂಬು ಜೀವನ ಮಾಡಿದವ್ರು ಹೋದ್ರೆ ತಮಟೆ ಹೊಡ್ಸಿ ಕುಣಿದು ಕಳಿಸ್ತಾರಲ್ಲ, ಹಾಗೇ ಆಯ್ತು. ಹಿಂದಿನ ರಾತ್ರಿ ಅಳೋಕೆ ಹಾಡು ಹುಡುಕಿ ಒದ್ದಾಡಿದ್ದೆನಲ್ಲ, ಇಲ್ಲಿ ನೋಡಿದ್ರೆ ಇವ್ನಿಗೆ ಅಳೋ ರೀತಿನೇ ಇದು, ವಾಲ್ಯೂಮ್ ಜಾಸ್ತಿ ಮಾಡೋದು.

ಅಣ್ಣನಿಗೆ ವಿಡಿಯೋ ಕಳ್ಸಿದೆ. ಅವನ ಗಿಟಾರ್ ಅಟ್ಟ ಸೇರಿ ಎಷ್ಟೋ ವರ್ಷ ಆಗಿತ್ತು, ಕೆಲಸ, ಮಕ್ಕಳು, ಅಪ್ಪನ ಕಾಯಿಲೆ, ಆಗ್ಲೇ ಬಿಟ್ಟಿದ್ದು. ವಿಡಿಯೋ ನೋಡಿದ ದಿನ ಅಟ್ಟದಿಂದ ಇಳಿಸಿ ಹೊಸ ತಂತಿ ಹಾಕಿದ. ನನ್ನ ಹತ್ರ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ಅವತ್ತಿಂದ ಶನಿವಾರ ರಾತ್ರಿ ನನಗೆ, ಭಾನುವಾರ ಬೆಳಿಗ್ಗೆ ಅವನಿಗೆ, ವಾಟ್ಸಾಪ್ ವಿಡಿಯೋ ಕಾಲಲ್ಲಿ 'ಎರಪ್ಷನ್' ಕಲಿಯೋಕೆ ಕೂತ್ವಿ. ಜೊತೇಲಿ ನುಡಿಸೋಕೆ ಆಗಲ್ಲ, ಸೌಂಡು ತಡವಾಗಿ ಬರತ್ತೆ, ಒಬ್ರು ನುಡಿಸಿ ಒಬ್ರು ಕೇಳ್ಬೇಕು.

ಟ್ಯಾಪಿಂಗ್ ಅಂದ್ರೆ ಏನು ಅಂತ ಹೇಳ್ತೀನಿ, ಗಿಟಾರ್ ಗೊತ್ತಿಲ್ದೋರಿಗೂ ಅರ್ಥ ಆಗತ್ತೆ. ಸಾಮಾನ್ಯವಾಗಿ ಎಡಗೈ ತಂತಿ ಒತ್ತತ್ತೆ, ಬಲಗೈ ಮೀಟತ್ತೆ. ಇಲ್ಲಿ ಬಲಗೈನೂ ಫ್ರೆಟ್‌ಬೋರ್ಡ್ ಮೇಲೆ ಬಂದು ತಂತಿ ಕುಟ್ಟತ್ತೆ. ಫ್ರೆಟ್‌ಬೋರ್ಡ್ ಅಂದ್ರೆ ಎಡಗೈ ತಂತಿ ಒತ್ತೋ ಉದ್ದದ ಪಟ್ಟಿ, ಅದ್ರ ಮೇಲೆ ಅಡ್ಡಕ್ಕಿರೋ ಲೋಹದ ಗೆರೆಗಳೇ ಫ್ರೆಟ್. 'ಎರಪ್ಷನ್' ಕೊನೆ ಭಾಗ ಶುರುವಾಗೋದು ಎರಡನೇ ತಂತೀಲಿ. ಎಡಗೈ ತೋರುಬೆರಳು ಎರಡನೇ ಫ್ರೆಟ್ಟಲ್ಲಿ ಕೂತಿರತ್ತೆ. ಬಲಗೈ ತೋರುಬೆರಳು ಒಂಬತ್ತನೇ ಫ್ರೆಟ್ ಮೇಲೆ ಕುಟ್ಟಿ, ಬಿಡೋವಾಗ ತಂತಿನ ಸ್ವಲ್ಪ ಎಳೆದು ಬಿಡ್ಬೇಕು, ಆಗ ಎರಡನೇ ಫ್ರೆಟ್ಟಿನ ಸ್ವರ ತಾನಾಗೇ ನುಡಿಯತ್ತೆ, ತಕ್ಷಣ ಎಡಗೈ ಕಿರುಬೆರಳು ಐದನೇ ಫ್ರೆಟ್ ಮೇಲೆ ಬೀಳ್ಬೇಕು. ಒಂಬತ್ತು, ಎರಡು, ಐದು. ಇದೇ ತಿರುಗ್ತಾ ಇರತ್ತೆ, ಬೆರಳು ಮಾತ್ರ ಜಾಗ ಬದ್ಲಾಯಿಸ್ತಾ ಹೋಗತ್ತೆ. ಮೂರೂ ಒಂದೇ ಗಾತ್ರದಲ್ಲಿ ಕೇಳ್ಬೇಕು, ಅದೇ ಕಷ್ಟ, ಕುಟ್ಟಿದ ಸ್ವರ ಜೋರಾಗಿ ಬಂದು ಉಳಿದೆರಡು ಸಣ್ಣಗಾಗ್ಬಿಡತ್ತೆ. ಎಡ್ಡಿ ಪಿಕ್ಕನ್ನ ಹೆಬ್ಬೆರಳು ಮತ್ತೆ ಮಧ್ಯದ ಬೆರಳಲ್ಲಿ ಹಿಡೀತಿದ್ದ, ಹಾಗಾಗಿ ತೋರುಬೆರಳು ಯಾವಾಗ್ಲೂ ಖಾಲಿ. ಇದನ್ನ ಅಣ್ಣನೇ ಗಮನಿಸಿದ್ದು. ಹಾಸನದ ಕಾಲದಲ್ಲಿ ನೋಡೋಕೆ ವಿಡಿಯೋನೇ ಇರ್ಲಿಲ್ಲ ನಮಗೆ, ಅವನು ಹೇಗೆ ಹಿಡೀತಾನೆ ಅಂತ ಕಿವೀಲಿ ಹೇಗೆ ಗೊತ್ತಾಗತ್ತೆ ಹೇಳಿ.

ಟ್ಯಾಪಿಂಗ್ ಮಾಡಿದವ್ರು ಎಡ್ಡಿಗಿಂತ ಮುಂಚೆನೂ ಇದ್ರು, ಅದನ್ನ ಅವನ ತಲೆಗೆ ಮಾತ್ರ ಕಟ್ಟೋದು ಸರಿಯಲ್ಲ. ಆದ್ರೆ ಅದನ್ನ ಒಂದು ಚಮತ್ಕಾರವಾಗಿ ಬಿಡದೆ ಸಂಗೀತ ಮಾಡಿದ್ದು ಅವನು. ಕ್ಲಬ್ಬುಗಳಲ್ಲಿ ನುಡಿಸೋ ಕಾಲದಲ್ಲಿ ಬೇರೆಯವ್ರು ಕದೀಬಾರ್ದು ಅಂತ ಆ ಭಾಗ ಬಂದಾಗ ಜನರಿಗೆ ಬೆನ್ನು ಹಾಕಿ ನಿಲ್ತಿದ್ದನಂತೆ. ಆಲ್ಬಮ್ ಬಂದ್ಮೇಲೆ ಅದು ಊರೂರಿಗೂ ಹಬ್ಬಿತು, ಹಾಸನದ ಒಂದು ರೂಮಿಗೂ.

ನವೆಂಬರ್ 16ಕ್ಕೆ ವೂಲ್ಫ್‌ಗ್ಯಾಂಗ್‌ದು 'ಡಿಸ್ಟನ್ಸ್' ಹಾಡು ಬಂತು. ಅಪ್ಪ ಬದುಕಿದ್ದಾಗಲೇ, ಅವರಿಲ್ಲದೆ ಹೇಗಿರ್ತೀನಿ ಅಂತ ನೆನೆಸ್ಕೊಂಡು ಬರೆದಿದ್ದಂತೆ. ವಿಡಿಯೋದಲ್ಲಿ ಮನೆಯ ಹಳೇ ಹೋಮ್ ವಿಡಿಯೋಗಳು, ಚಿಕ್ಕ ಮಗು ಮತ್ತೆ ಅಪ್ಪ. ಆ ವಾರ ಅಣ್ಣ ನಾನು ಗಿಟಾರ್ ಮುಟ್ಲಿಲ್ಲ, ನಮ್ಮ ಅಪ್ಪನ ಬಗ್ಗೆ ಮಾತಾಡಿದ್ವಿ. ವೂಲ್ಫ್‌ಗ್ಯಾಂಗ್ ಬ್ಯಾಂಡಿನ ಹೆಸರು ಮ್ಯಾಮತ್, ವ್ಯಾನ್ ಹೇಲನ್ ಅಂತ ಹೆಸರಿಡೋಕೆ ಮುಂಚೆ ಅಪ್ಪನ ಬ್ಯಾಂಡಿಗೆ ಇದ್ದ ಹೆಸರು. ಆದ್ರೆ ಅಪ್ಪನ ಹಾಡು ನುಡಿಸಲ್ಲ, ನನ್ನದೇ ನುಡಿಸ್ತೀನಿ ಅಂತ ಅವನು ಸ್ಪಷ್ಟವಾಗಿ ಹೇಳಿದ್ದ, ಅದು ನನಗೆ ತುಂಬಾ ಸರಿ ಅನ್ನಿಸ್ತು.

ಅದಕ್ಕೇ 2022ರ ಸೆಪ್ಟೆಂಬರ್ 27 ಅಷ್ಟು ದೊಡ್ಡದಾಗಿದ್ದು. ಆ ವರ್ಷ ಮಾರ್ಚಲ್ಲಿ ಫೂ ಫೈಟರ್ಸ್ ಅನ್ನೋ ರಾಕ್ ಬ್ಯಾಂಡಿನ ಡ್ರಮ್ಮರ್ ಟೇಲರ್ ಹಾಕಿನ್ಸ್ ತೀರ್ಕೊಂಡಿದ್ದ, ಅವನ ನೆನಪಿಗೆ ಇಂಗಲ್‌ವುಡ್‌ನ ಫೋರಮ್ ಅನ್ನೋ ಭಾರಿ ಹಾಲಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟಿದ್ರು. ಟಿಕೆಟ್ ಸಿಕ್ತು, ಗಂಡನೂ ಬಂದ್ರು. ಗಂಟೆಗಟ್ಟಲೆ ನಡೀತು, ಒಬ್ರಾದ ಮೇಲೆ ಒಬ್ರು ಬಂದು ನುಡಿಸಿದ್ರು. ನಡುವೆ ವೂಲ್ಫ್‌ಗ್ಯಾಂಗ್ ಬಂದ, ಬೇಸ್ ಗಿಟಾರಲ್ಲಿ ಡೇವ್ ಗ್ರೋಲ್, ಡ್ರಮ್ಸಲ್ಲಿ ಜಾಶ್ ಫ್ರೀಸ್, ಹಾಡೋಕೆ ದ ಡಾರ್ಕ್‌ನೆಸ್ ಬ್ಯಾಂಡಿನ ಜಸ್ಟಿನ್ ಹಾಕಿನ್ಸ್. 'ಪನಾಮ' ಶುರುವಾಯ್ತು. ಎಡ್ಡಿಗೆ ಅಂತ 2020ರಲ್ಲಿ ಒಂದು ಹಾಲಲ್ಲಿ ಸೇರೋಕೆ ಆಗದೆ ಇದ್ದ ಜನ ಎಲ್ಲ ಇಲ್ಲೇ ಇದ್ದಾರೇನೋ ಅನ್ನೋ ಹಾಗೆ ಕೂಗು ಎದ್ದಿತು, ಆಮೇಲೆ 'ಹಾಟ್ ಫಾರ್ ಟೀಚರ್', ಟ್ಯಾಪಿಂಗ್ ಭಾಗ ಬಂದಾಗ ದೊಡ್ಡ ಸ್ಕ್ರೀನ್ ಕಡೆ ಕೈ ತೋರಿಸಿ ನಾನು ಗಂಡನ ಭುಜ ಹಿಡ್ಕೊಂಡು ಅಲ್ಲಾಡಿಸಿದೆ. ಅವ್ರು ನನ್ನ ಕಡೆ ತಿರುಗಿ, ಅವತ್ತು ಕೇಳಿದ್ದೆನಲ್ಲ, ಈಗ ಗೊತ್ತಾಯ್ತು ಅಂದ್ರು, ಆ ಗಲಾಟೇಲಿ ಬಾಯಿ ಆಡಿದ್ದು ನೋಡಿ ಅರ್ಥ ಮಾಡ್ಕೊಂಡೆ.

ಅಣ್ಣನಿಗೆ ಸಿಕ್ಕಷ್ಟು ವಿಡಿಯೋ ಕಳ್ಸಿದೆ. ಆಫೀಸಿಗೆ ಹೋಗೋ ಮೆಟ್ರೋದಲ್ಲಿ ನಿಂತ್ಕೊಂಡೇ ನೋಡಿದ್ನಂತೆ. "ಅದೇ ಫೋರಮ್ ಕಣೇ" ಅಂತ ಬಂತು ಅವನ ಮೆಸೇಜ್, "ಎಪ್ಪತ್ತರ ಶುರೂಲಿ ಎಡ್ಡಿ ಅಲ್ಲೇ ಲೆಡ್ ಜೆಪ್ಪೆಲಿನ್ ನೋಡೋಕೆ ಹೋಗಿದ್ದ, ಅವ್ರ ಗಿಟಾರಿಸ್ಟ್ ಜಿಮ್ಮಿ ಪೇಜ್ ಕೈ ನೋಡಿ ಟ್ಯಾಪಿಂಗ್ ಐಡಿಯಾ ಬಂದಿದ್ದು ಅಲ್ಲೇ. ನೀನು ಆ ಹಾಲಲ್ಲಿ ನಿಂತಿದ್ಯಲ್ಲೇ ಪುಟ್ಟಿ." ಆಮೇಲೆ ಇನ್ನೊಂದು ಮೆಸೇಜ್, ಈ ಭಾನುವಾರದಿಂದ 'ಪನಾಮ' ಶುರು ಮಾಡೋಣ, ತಂತಿ ಅರ್ಧ ಸ್ವರ ಇಳಿಸ್ಕೊಂಡು ರೆಡಿಯಾಗಿರು ಅಂತ.